ತಿರುಳಿನಲ್ಲಿ ಉಳಿದ ಅಂಟು

ತೊಂಬತ್ತರ ದಶಕದ ಕೊನೆಯಲ್ಲಿ ನಾನೂ ನನ್ನ ಗೆಳತಿಯೂ ಸೇರಿ ಬಣಕಲ್ ಹತ್ತಿರ ರದ್ದಿಯಿಂದ ಕೈಕಾಗದ ಮಾಡುವ ಶೆಡ್ ಒಂದನ್ನು ಶುರುಮಾಡಿದೆವು. ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು, ಮದುವೆಯಾಗಿ ಒಂದೇ ಸೀಮೆಗೆ ಬಂದವರು. ಅವಳು ಎಸ್ಟೇಟ್ ಬಂಗಲೆಗಳಿಗೆ ಹೋಗಿ ಆರ್ಡರ್ ತರುತ್ತಿದ್ದಳು. ನಾನು ರದ್ದಿ ನೆನೆಸುವ ತೊಟ್ಟಿಯ ಬಳಿ ಇರುತ್ತಿದ್ದೆ. ನೆನೆದ ರದ್ದಿಯನ್ನು ಅರೆದು ತಿರುಳು ಮಾಡುವುದಕ್ಕೆ ಪಲ್ಪ್ ಎನ್ನುತ್ತಾರೆ; ಪಲ್ಪ್ ಮಾಡುತ್ತೇವೆ ಎಂದರೆ ಊರಿನವರು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವುದೆಂದೇ ತಿಳಿಯುತ್ತಿದ್ದರು.

ನಮ್ಮ ಕೆಲಸದಲ್ಲಿ ಮುಕ್ಕಾಲು ಪಾಲು ಬೇಡದ್ದನ್ನು ತೆಗೆಯುವುದೇ. ಪಿನ್ನು, ಮರಳು ತೊಟ್ಟಿಯ ತಳಕ್ಕಿಳಿಯುತ್ತಿದ್ದವು. ಪ್ಲಾಸ್ಟಿಕ್ ಚೂರು, ಮೇಣ ತೇಲಿದರೆ ಹಾಲಿನ ಕೆನೆ ತೆಗೆದಂತೆ ತೆಗೆಯುತ್ತಿದ್ದೆ. ತೊಂದರೆಯೆಲ್ಲ ಲೇಬಲ್, ಟೇಪುಗಳ ಅಂಟಿನದು. ತಣ್ಣೀರಿನಲ್ಲಿ ನೆನೆಸಿದರೆ ಅದು ಗಟ್ಟಿಯಾಗಿದ್ದು ಜರಡಿಯಲ್ಲಿ ನಿಲ್ಲುತ್ತದೆ. ಬಿಸಿನೀರು ಬಿದ್ದರೆ ಮೆತ್ತಗಾಗಿ, ಪುಡಿಪುಡಿಯಾಗಿ, ತಿರುಳಿನ ಜೊತೆಗೇ ಜರಡಿ ದಾಟಿಬಿಡುತ್ತದೆ. ಆಮೇಲೆ ತೆಗೆಯುವ ದಾರಿಯೇ ಇಲ್ಲ. ಸಾಕಷ್ಟು ತಿರುಳು ಹಾಳುಮಾಡಿಕೊಂಡ ಮೇಲೇ ನಾವಿಬ್ಬರೂ ಇದನ್ನು ಕಲಿತದ್ದು.

ಒಮ್ಮೆ ವಸ್ತಾರೆ ಕಡೆಯ ಪ್ಲಾಂಟರ್ ಒಬ್ಬರ ಹೆಂಡತಿ ಮಗಳ ಮದುವೆಯ ಆಮಂತ್ರಣಕ್ಕೆ ನಮ್ಮ ಹಾಳೆಯೇ ಬೇಕೆಂದರು. ನಮಗೆ ಬಂದ ಮೊದಲ ದೊಡ್ಡ ಕೆಲಸ. ಅದೇ ವಾರ ಅಮ್ಮನಿಗೆ ಹುಷಾರಿಲ್ಲವೆಂದು ನಾನು ಕಳಸಕ್ಕೆ ಹೋದೆ. ಮರಳಿ ಬಂದಾಗ ಒಣಗಿದ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಲು ಹೋದರೆ ಹರಿಯುತ್ತಿದ್ದವು. ಬೆಳಕಿಗೆ ಹಿಡಿದರೆ ಎಣ್ಣೆ ಸಿಡಿದಂತೆ ಚುಕ್ಕೆಗಳು.

“ಬಿಸಿನೀರು ಹಾಕಿದ್ಯಾ?” ಎಂದು ಗೆಳತಿಯನ್ನು ಕೇಳಿದೆ.

“ಹೂಂ ಮಾರಾಯ್ತಿ, ಬೇಗ ನೆನೀಲಿ ಅಂತ. ಮೋಡ ಆಗಿತ್ತು, ಮಳೆ ಹಿಡ್ಕೊಂಡ್ರೆ ಒಣಗ್ಸೋದೆಲ್ಲಿ?” ಎನ್ನುತ್ತಾ ಅತ್ತುಬಿಟ್ಟಳು. ನನಗೆ ಸಿಟ್ಟು ಬರಲಿಲ್ಲ. ಇಬ್ಬರೂ ಹೋಗಿ ಹೇಳೋಣ, ಹೊಸದಾಗಿ ಮಾಡಿಕೊಡೋಣ ಎಂದು ಸಮಾಧಾನ ಮಾಡಿದೆ.

ಮರುದಿನ ಪ್ಲಾಂಟರ್ ಹೆಂಡತಿಯೇ ಜೀಪಿನಲ್ಲಿ ಬಂದರು. ಹಾಳೆ ಎತ್ತಿ ನೋಡಿ, “ಇದೇನಿದು?” ಎಂದರು. ನಾನು ಬಾಯಿ ತೆರೆಯುವ ಮೊದಲೇ ಗೆಳತಿ ಹೇಳಿದಳು: “ಸೋಸೋ ಕೆಲ್ಸ ಪೂರ್ತಿ ಇವ್ಳದ್ದು ಅಮ್ಮಾವ್ರೇ. ಹೇಳಿ ಹೇಳಿ ನಂಗೂ ಸಾಕಾಯ್ತು. ಅರ್ಧಕ್ಕೆ ಬಿಟ್ಟು ತವರಿಗೆ ಹೋದ್ಲು.”

ಕೂಲಿಗೆ ಬಂದು ಹಾಳೆ ಹರವುತ್ತಿದ್ದ ಹೆಂಗಸರ ಕೈ ನಿಂತುಹೋಯಿತು. “ನಿಮ್ಮನ್ನ ನಂಬಿದ್ವಲ್ಲಮ್ಮ” ಎಂದು ಪ್ಲಾಂಟರ್ ಹೆಂಡತಿ ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿ ಹರಿದ ಹಾಳೆಗಳನ್ನು ಒಟ್ಟುಮಾಡತೊಡಗಿದೆ.

ಜೀಪು ಹೋದ ಮೇಲೆ ಯಾಕೆ ಹಾಗೆಂದೆ ಎಂದು ಗೆಳತಿಯನ್ನು ಕೇಳಿದೆ.

“ನಾಳೆ ಬಂಗ್ಲೆಗಳಿಗೆ ಹೋಗ್ಬೇಕಾದವ್ಳು ನಾನಲ್ವಾ? ನನ್ ಹೆಸ್ರು ಕೆಟ್ರೆ ಆರ್ಡರ್ ಯಾರು ಕೊಡ್ತಾರೆ? ನೀನಾದ್ರೆ ಏನೂ ಅನ್ಕಳಲ್ಲ ಅಂತ ಗೊತ್ತಿತ್ತು.”

ಸುಳ್ಳಿಗಿಂತ ಆ ಕೊನೆಯ ಮಾತೇ ನನ್ನನ್ನು ಹೆಚ್ಚು ಸುಟ್ಟಿತು. ನನ್ನ ಸುಮ್ಮನಿರುವಿಕೆಯನ್ನು ಅವಳು ಮೊದಲೇ ಅಳೆದಿಟ್ಟುಕೊಂಡಿದ್ದಳು.

ಅವಳೊಡನೆ ಮಾತಾಡದೆಯೇ ಹೊಸದಾಗಿ ರದ್ದಿ ಆರಿಸಿ, ತಣ್ಣೀರಿನಲ್ಲಿ ನೆನೆಸಿ, ಬೆಳ್ಳನೆಯ ಹಾಳೆ ಮಾಡಿದೆ. ಬಸ್ಸಿನಲ್ಲಿ ನಾನೇ ಪ್ಲಾಂಟರ್ ಹೆಂಡತಿಯ ಮನೆಗೆ ತೆಗೆದುಕೊಂಡು ಹೋಗಿ ಕೊಟ್ಟೆ. “ಅವತ್ತಿನ ತಪ್ಪು ನನ್ನದಲ್ಲ” ಎಂದೂ ಹೇಳಿದೆ.

“ಯಾರದಾದ್ರೇನಮ್ಮ, ಈಗ ಚೆನ್ನಾಗಿ ಬಂದಿದ್ಯಲ್ಲ” ಎಂದು ಅವರು ಕಾಫಿ ಕೊಟ್ಟರು.

ಆಮೇಲೆ ಶೆಡ್ಡಿಗೆ ನಾನು ಹೋಗಲಿಲ್ಲ. ಕೆಲವು ವರ್ಷ ನಡೆಸಿ ಅವಳೂ ಮುಚ್ಚಿದಳು. ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೆ ಈಗಲೂ ಓಡಿಬಂದು ಕೈ ಹಿಡಿಯುತ್ತಾಳೆ, ಮಕ್ಕಳ ಸುದ್ದಿ ಕೇಳುತ್ತಾಳೆ. ನಾನೂ ಉತ್ತರ ಕೊಡುತ್ತೇನೆ. ಆ ದಿನದ ಮಾತನ್ನು ಅವಳು ಒಮ್ಮೆಯೂ ಎತ್ತಿಲ್ಲ. ಮರೆತೇಬಿಟ್ಟಿರಬೇಕು. ನನಗೆ ಆಗುತ್ತಿಲ್ಲ.