ಗಂಟಲದ್ದು ಇನ್ನೊಮ್ಮಿ ಓದು

ಹೋದ ವಾರ ನಮ್ಮವರಿಗೆ ಜ್ವರ ಬಂದು ಎರಡು ದಿನ ಬಾಯಿಗೆ ಏನೂ ರುಚಿಸಲಿಲ್ಲ. ಮೂರನೆಯ ದಿನ ಅಕ್ಕಿನುಚ್ಚು ಹುರಿದು, ಜೀರಿಗೆ ಕುಟ್ಟಿ ಹಾಕಿ ಗಂಜಿಗಿಟ್ಟೆ. ನುಚ್ಚು ಅರಳಿ, ಹಬೆಯೊಂದಿಗೆ ಜೀರಿಗೆಯ ವಾಸನೆ ಮುಖಕ್ಕೆ ಬಂದಾಗ ಕೈಯಲ್ಲಿದ್ದ ಸೌಟು ಹಾಗೇ ನಿಂತುಬಿಟ್ಟಿತು. ನಾನು ಗಂಜಿ ಕಾಯಿಸಿ ಆರು ವರ್ಷವಾಗಿತ್ತು. ಬಿಡಬೇಕೆಂದು ಬಿಟ್ಟದ್ದಲ್ಲ. ಮಾಡುವ ಪ್ರಸಂಗ ಬಂದಾಗಲೆಲ್ಲ ಏನಾದರೊಂದು ನೆವ ಹೇಳಿ ಬ್ರೆಡ್ಡು ತರಿಸುತ್ತಿದ್ದೆ...

ಆ ಗಂಜಿಯನ್ನು ನನಗೆ ಎರಡು ತಿಂಗಳು ಉಣಿಸಿದವರು ಬಾಜೂಮನೆಯ ಕಾಕು.

ಬ್ಯಾಡಗಿಯ ನಮ್ಮ ಓಣಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಹಿತ್ತಲಿನ ಗೋಡೆಯಲ್ಲಿ ತಗಡಿನ ಬಾಗಿಲೊಂದಿತ್ತು. ಅದಕ್ಕೆ ಚಿಲಕ ಹಾಕಿದ್ದು ನನಗೆ ನೆನಪಿಲ್ಲ. ರಕ್ತಸಂಬಂಧವೇನೂ ಇರಲಿಲ್ಲ. ನಾನು ಮದುವೆಯಾಗಿ ಬಂದ ದಿನದಿಂದ ಕಾಕು ಎಂದು ಕರೆದೆ, ಅವರು ತಂಗಿ ಎಂದರು, ಅಷ್ಟೇ. ಅವರ ಯಜಮಾನರು ಮಾರ್ಕೆಟ್ಟಿನಲ್ಲಿ ಹಮಾಲರಾಗಿದ್ದರು, ತೀರಿಕೊಂಡು ಬಹಳ ದಿನವಾಗಿತ್ತು. ಒಬ್ಬಳೇ ಮಗಳನ್ನು ರಾಣೆಬೆನ್ನೂರಿಗೆ ಕೊಟ್ಟಿದ್ದರು. ಮಗಳು, ಅಳಿಯ ಎಷ್ಟೋ ಸಲ ಕರೆದರೂ ಹೋಗಿರಲಿಲ್ಲ. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ಒಂದೇ ತನ್ನ ಕೈಗೆ ಗೊತ್ತು, ಅಲ್ಲಿ ಹೋಗಿ ಏನು ಮಾಡಲಿ ಎನ್ನುತ್ತಿದ್ದರು. ಕಣ್ಣಲ್ಲಿ ನೀರು ಬಂದರೆ ಬೆರಳು ತಾಗಿಸದೆ ಮುಂಗೈಯ ಹಿಂಭಾಗದಿಂದ ಒರೆಸಿಕೊಳ್ಳುವ ರೂಢಿ ಅವರದು. ದೇವರ ಮುಂದೆ ಅತ್ತರೂ ಹಾಗೆಯೇ ಒರೆಸಿಕೊಳ್ಳುತ್ತಿದ್ದರು.

ನಾನು ಹಾವೇರಿಯ ಕೋರ್ಟಿನಲ್ಲಿ ನಕಲು ಟೈಪು ಮಾಡುವವಳು. ಇಪ್ಪತ್ತು ವರ್ಷ ತಲೆ ಬಗ್ಗಿಸಿ ಮಾಡಿದ ಕೆಲಸ. ಮೊದಲು ಬಲಗೈಯ ಎರಡು ಬೆರಳು ಜುಮು ಜುಮು ಅನ್ನತೊಡಗಿದವು. ಆಮೇಲೆ ಚಹಾದ ಕಪ್ಪು ಕೈಜಾರಿತು, ಸೀರೆಗೆ ಪಿನ್ನು ಹಾಕಲು ಬರದಾಯಿತು, ಟೈಪು ಮಾಡಿದ ಹಾಳೆಯಲ್ಲಿ ಅಕ್ಷರ ಅದಲು ಬದಲಾಗತೊಡಗಿದವು. ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಮಾಡಿಸಿದಾಗ ಡಾಕ್ಟರರು ಮುಷ್ಟಿಯ ಮೇಲೆ ಮುಷ್ಟಿ ಇಟ್ಟು ತೋರಿಸಿದರು. ಕುತ್ತಿಗೆಯ ಎಲುಬುಗಳ ನಡುವಿನ ಎರಡು ಮೆತ್ತೆಗಳು ಹೊರಗೆ ಸರಿದು ನರವನ್ನು ಒತ್ತುತ್ತಿವೆ. ಅವನ್ನು ತೆಗೆದು ಅಲ್ಲಿ ಎಲುಬಿನ ಚೂರು ಕೂಡಿಸಿ, ಲೋಹದ ಪಟ್ಟಿ ಇಟ್ಟು ಸ್ಕ್ರೂ ಹಾಕಬೇಕು. ತಿಂಗಳುಗಟ್ಟಲೆ ಕಾದರೆ ಮೂರು ಎಲುಬು ಬೆಸೆದು ಒಂದಾಗುತ್ತವೆ. ಕೊಯ್ಯುವುದು ಮಾತ್ರ ಮುಂದಿನಿಂದ, ಗಂಟಲಿನ ಬದಿಯಿಂದ ಎಂದರು.

ಕಾಕುವಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ತಮ್ಮ ಗಂಟಲನ್ನೇ ಸವರಿಕೊಳ್ಳುತ್ತ ಕುಳಿತರು. ಆ ಶನಿವಾರ ಕದರಮಂಡಲಗಿಗೆ ಹೋಗಿ ಆಂಜನೇಯನ ಕುಂಕುಮ ತಂದು ನನ್ನ ಚೀಲದಲ್ಲಿಟ್ಟರು. ಗಳಗನಾಥದಲ್ಲಿದ್ದ ನಮ್ಮ ಅತ್ತೆಯವರು ಆಗಲೇ ಹಾಸಿಗೆ ಹಿಡಿದಿದ್ದರು. ನನ್ನನ್ನು ನೋಡಿಕೊಳ್ಳುವವರು ಯಾರು ಎಂದು ನಮ್ಮವರು ಚಿಂತೆ ಮಾಡುತ್ತಿದ್ದರೆ, ಕಾಕು ಅದೊಂದು ಮಾತೇ ಅಲ್ಲವೆಂಬಂತೆ ತಾನಿದ್ದೇನಲ್ಲ ಎಂದರು.

ಯುಗಾದಿ ಮುಗಿದ ಮೇಲೆ ಆಪರೇಶನ್ ಆಯಿತು. ನಾಲ್ಕು ದಿನಕ್ಕೆ ಮನೆಗೆ ಕಳಿಸಿದರು. ಕುತ್ತಿಗೆಗೆ ಗಟ್ಟಿ ಪಟ್ಟಿ, ಕೈಯಲ್ಲಿ ಎರಡು ಹಾಳೆಯ ಸೂಚನೆ. ಏನೇನಾಗುತ್ತದೆ, ಏನೇನು ಮಾಡಬಾರದು ಎಂದೆಲ್ಲ ಕನ್ನಡದಲ್ಲೇ ಟೈಪು ಮಾಡಿ ಕೊಟ್ಟಿದ್ದರು. ಕಾಕುವಿಗೆ ಓದಲು ಬರುತ್ತಿರಲಿಲ್ಲ. ನಾನು ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಪಿಸುದನಿಯಲ್ಲಿ ಓದಿ ಹೇಳುತ್ತಿದ್ದೆ. ನನ್ನ ದನಿ ಪೂರ್ತಿ ಕುಂದಿತ್ತು. ಕಾಕುವಿನ ದನಿ ನನಗಿಂತ ಮೊದಲೇ ಒಡೆದಿತ್ತು, ಮೆಣಸಿನಕಾಯಿ ಘಾಟು ಎಂದು ಎಲ್ಲರೂ ಅಂದುಕೊಂಡಿದ್ದೆವು. ಬ್ಯಾಡಗಿಯಲ್ಲಿ ಕೆಮ್ಮದವರು ಯಾರು? ಇಬ್ಬರೂ ಮಾತಾಡಿದರೆ ಸ್ಟೇಷನ್ ಸಿಗದ ರೇಡಿಯೋ ಹಚ್ಚಿದಂತಾಗುತ್ತದೆ ಎಂದು ನಮ್ಮವರು ನಗಿಸುತ್ತಿದ್ದರು.

ಹಾಳೆಯಲ್ಲಿದ್ದುದನ್ನೆಲ್ಲ ಕಾಕು ಒಂದೇ ದಿನದಲ್ಲಿ ಬಾಯಿಪಾಠ ಮಾಡಿಕೊಂಡರು. ಬೆನ್ನ ಮೇಲೇ ಮಲಗಬೇಕು, ತೆಳು ದಿಂಬು. ಏಳುವಾಗ ನೇರ ಏಳಬಾರದು, ಇಡೀ ಮೈಯನ್ನು ಒಟ್ಟಿಗೆ ಹೊರಳಿಸಿ ಕೈಯೂರಿ ಏಳಬೇಕು. ನಾನು ಮರೆತು ತಲೆ ಎತ್ತಲು ಹೋದರೆ ಒಳಗೆ ಒಲೆಯ ಮುಂದಿದ್ದವರಿಗೆ ಹೇಗೆ ತಿಳಿಯುತ್ತಿತ್ತೋ, ಅಲ್ಲಿಂದಲೇ ತಡೆಯುತ್ತಿದ್ದರು. ತುಂಬಿದ ಕೊಡ ಇರಲಿ, ಹಾಲಿನ ಪಾತ್ರೆಯನ್ನೂ ಎತ್ತಗೊಡಲಿಲ್ಲ. ಬೆನ್ನಿನಲ್ಲಿ, ಎರಡು ರೆಕ್ಕೆಯೆಲುಬಿನ ನಡುವೆ ಕೆಂಡ ಇಟ್ಟಂತೆ ನೋಯುತ್ತಿತ್ತು. ಅದೂ ಹಾಳೆಯಲ್ಲಿತ್ತು, ಹೆದರಬೇಡ ಎನ್ನುತ್ತಿದ್ದರು. ಮುಂಜಾನೆ ನನ್ನನ್ನು ಒರೆಸಿ, ತಲೆ ಬಾಚಿ, ಉಣಿಸಿ ಕೆಲಸಕ್ಕೆ ಹೋಗುತ್ತಿದ್ದರು. ಬಂದ ಮೇಲೆ ಹುಣಸೆನೀರಿನಲ್ಲಿ ಎರಡೆರಡು ಸಲ ಕೈ ತೊಳೆದುಕೊಂಡೇ ನನ್ನನ್ನು ಮುಟ್ಟುತ್ತಿದ್ದರು. ಆದರೂ ಅವರ ಬೆರಳು ತಾಗಿದ ಕಡೆ ಸಣ್ಣಗೆ ಚುರುಗುಡುತ್ತಿತ್ತು. ಸಂಜೆ ಬಿಸಿಲು ಇಳಿದ ಮೇಲೆ ಓಣಿಯ ತುದಿಯವರೆಗೆ ಕೈ ಹಿಡಿದು ನಡೆಸುತ್ತಿದ್ದರು.

ಎಲ್ಲಕ್ಕಿಂತ ನನ್ನನ್ನು ಹಣ್ಣು ಮಾಡಿದ್ದು ನುಂಗುವುದು. ಗುಟುಕು ನೀರೂ ಗಂಟಲಲ್ಲಿ ಕಲ್ಲಿನಂತೆ ನಿಂತು ಇಳಿಯುತ್ತಿತ್ತು. ಮೂರನೆಯ ವಾರ ಒಂದು ಮಧ್ಯಾಹ್ನ ತಟ್ಟೆ ದೂಡಿ ಅತ್ತುಬಿಟ್ಟೆ. ಕಾಕು ತಟ್ಟೆ ಬದಿಗಿಟ್ಟು, ಮೇಜಿನ ಮೇಲಿದ್ದ ಹಾಳೆ ತಂದು ನನ್ನ ಕಣ್ಣ ಮುಂದೆ ಹಿಡಿದರು.

"ಗಂಟಲದ್ದು ಇನ್ನೊಮ್ಮಿ ಓದು, ತಂಗಿ."

ನಾನು ಓದಿದೆ. ನುಂಗುವಾಗ ತೊಂದರೆ ಕೆಲವು ವಾರ ಇರಬಹುದು, ಮೆತ್ತನೆಯ ಆಹಾರ ತೆಗೆದುಕೊಳ್ಳಿ, ಕ್ರಮೇಣ ತಾನಾಗಿ ಕಡಿಮೆಯಾಗುತ್ತದೆ. ಅದರ ಕೆಳಗೆ, ತೊಂದರೆ ಹೆಚ್ಚಾದರೆ ಅಥವಾ ಕಡಿಮೆಯಾಗದಿದ್ದರೆ ವೈದ್ಯರನ್ನು ಕಾಣಿ ಎಂಬ ಸಾಲೂ ಇತ್ತು. ಅದನ್ನೂ ಓದಿದೆನೋ, ತಾನಾಗಿ ಕಡಿಮೆಯಾಗುತ್ತದೆ ಎಂಬಲ್ಲಿಗೇ ನಿಲ್ಲಿಸಿದೆನೋ... ಎಷ್ಟು ನೆನಪಿಸಿಕೊಂಡರೂ ತಿಳಿಯುತ್ತಿಲ್ಲ. ಆಮೇಲೆ ಎರಡು ಮೂರು ದಿನಕ್ಕೊಮ್ಮೆ ಅವರು ಆ ಸಾಲನ್ನೇ ಓದಿಸುತ್ತಿದ್ದರು. ನನಗೆ ಧೈರ್ಯ ತುಂಬಲು ಓದಿಸುತ್ತಾರೆ ಎಂದುಕೊಳ್ಳುತ್ತಿದ್ದೆ.

ಒಬ್ಬಳೇ ಗಂಜಿ ಕುಡಿದರೆ ನಿನಗೆ ಬೇಸರ ಬರುತ್ತದೆ, ನಾನೂ ಅದನ್ನೇ ಉಣ್ಣುತ್ತೇನೆ ಎಂದು ಮೊದಲ ದಿನವೇ ಹೇಳಿದ್ದರು. ನಾನು ಕುರ್ಚಿಯ ಮೇಲೆ, ಅವರು ನನ್ನ ಬದಿಗೆ ನೆಲದ ಮೇಲೆ. ಕುತ್ತಿಗೆಯ ಪಟ್ಟಿಯಿಂದ ನನಗೆ ಕೆಳಗೆ ನೋಡಲು ಬರುತ್ತಿರಲಿಲ್ಲ. ಅವರ ತಟ್ಟೆಯಲ್ಲಿ ಎಷ್ಟಿತ್ತು, ಎಷ್ಟು ಉಂಡರು ಎಂದು ಪಟ್ಟಿ ಇದ್ದಷ್ಟು ದಿನ ನಾನು ಒಮ್ಮೆಯೂ ಕಾಣಲಿಲ್ಲ. ಅವರು ಚಮಚ ಕೆಳಗಿಡುವ ಸದ್ದು ಮಾತ್ರ ಕೇಳುತ್ತಿತ್ತು. ಸ್ವಂತ ಮಗಳಿಗೂ ಇಷ್ಟು ಮಾಡುವುದಿಲ್ಲ, ರೊಟ್ಟಿ ಬಿಟ್ಟು ಗಂಜಿ ಕುಡಿಯುತ್ತಿದ್ದಾಳೆ ನೋಡು ಎಂದು ಓಣಿಯ ಹೆಂಗಸರು ಹೊಗಳುತ್ತಿದ್ದರು. ನನಗೂ ಹೆಮ್ಮೆಯೇ ಇತ್ತು.

ಆರನೆಯ ವಾರ ಎಕ್ಸ್‌ರೇ ನೋಡಿ ಕುತ್ತಿಗೆಯ ಪಟ್ಟಿ ತೆಗೆಯಲು ಹೇಳಿದರು. ದನಿ ಮರಳಿತು. ಮೆತ್ತನೆಯ ಅನ್ನ, ಹಾಲಲ್ಲಿ ನೆನೆಸಿದ ಚಪಾತಿ ಆಗಿ, ಎರಡು ತಿಂಗಳಿಗೆ ಮೊದಲ ಸಲ ಜೋಳದ ರೊಟ್ಟಿ ಮುರಿದು ಎಣ್ಣೆಗಾಯಿ ಹಚ್ಚಿಕೊಂಡು ಉಂಡೆ. ಕಾಕು ಎದುರಿಗೇ ನಿಂತು ನೋಡಿದರು. ನೀವೂ ಕುಂದ್ರಿ ಎಂದರೆ, ಗಂಜಿ ರೂಢಿಯಾಗಿದೆ, ಅದೇ ಹಗುರ ಎಂದು ನಕ್ಕು ತಗಡಿನ ಬಾಗಿಲು ದಾಟಿ ಹೋದರು. ಬಹಳ ಇಳಿದುಹೋಗಿದ್ದೀರಿ ಎಂದೆ ಒಮ್ಮೆ. ಈ ವರ್ಷದ ಬೇಸಿಗೆ ಯಾರನ್ನು ಬಿಟ್ಟಿದೆ ಎಂದರು. ಅದೂ ಖರೇ ಅನಿಸಿತು. ಮೂರು ತಿಂಗಳಿಗೆ ನಾನು ಕೋರ್ಟಿಗೆ ಹೋಗತೊಡಗಿದೆ. ಬೆರಳುಗಳ ಜುಮು ಜುಮು ಇನ್ನೂ ಇತ್ತು, ಅದು ಎಲ್ಲಕ್ಕಿಂತ ತಡವಾಗಿ ಹೋಗುತ್ತದೆ ಎಂದು ಡಾಕ್ಟರರು ಹೇಳಿದ್ದರು. ನಾನು ನನ್ನ ಬೆರಳುಗಳನ್ನೇ ನೋಡಿಕೊಂಡಿದ್ದೆ.

ನಾಗರ ಪಂಚಮಿ ಬಂತು. ಆ ವರ್ಷ ಕೈ ಸುಧಾರಿಸಿದ ಖುಷಿಗೆ ನಾನೇ ಶೇಂಗಾದ ಉಂಡಿ, ರವೆ ಉಂಡಿ ಕಟ್ಟಿದ್ದೆ. ಒಂದು ಡಬ್ಬಿ ತುಂಬಿ ಕಾಕುವಿಗೆ ಕೊಟ್ಟೆ. ಮರುದಿನ ಹೋದಾಗ ಡಬ್ಬಿ ಹಾಗೇ ತುಂಬಿತ್ತು. ನನಗೆ ಸಿಟ್ಟು ಬಂತು. ನನ್ನ ಕೈಯಾರೆ ಕಟ್ಟಿದ್ದನ್ನು ಬಾಯಿಗೂ ಹಾಕಿಲ್ಲವಲ್ಲ ಎಂದು ಒಂದು ಉಂಡಿ ಮುರಿದು, ನನ್ನೆದುರು ತಿನ್ನಲೇಬೇಕು ಎಂದು ಬಾಯಿಗೆ ಹಿಡಿದೆ. ಅವರು ಬೇಡ ಎನ್ನಲಿಲ್ಲ. ಬಾಯಿ ತೆರೆದರು. ಅಗಿದರು, ಬಹಳ ಹೊತ್ತು ಅಗಿದರು, ನನ್ನನ್ನೇ ನೋಡುತ್ತ. ನುಂಗಿದ ಮೇಲೆ ಎದೆ ಹಿಡಿದುಕೊಂಡು ಎದ್ದು ಬಚ್ಚಲಿಗೆ ಓಡಿದರು.

ನಾನು ಹಿಂದೆಯೇ ಹೋದೆ. ಗೋಡೆಗೆ ಕೈಯೂರಿ ನಿಂತಿದ್ದರು. ಬೆನ್ನ ಮೇಲೆ ಕೈಯಿಟ್ಟೆ. ಕುಪ್ಪಸದ ಕೆಳಗೆ ಎಲುಬು ಒಂದೊಂದೂ ಎಣಿಸುವಂತಿದ್ದವು.

"ಎಷ್ಟ ದಿನದಿಂದ ಐತ್ರಿ ಇದು?"

"ನಿನ್ನ ಆಪರೇಶನ್ ಆಗೋಕಿಂತ ಮೊದ್ಲಿಂದ."

"ಹೇಳಬಾರದಿತ್ತೇನ್ರಿ, ಕಾಕು?"

ಅವರು ಬಾಯಿ ತೊಳೆದುಕೊಂಡು, ಮುಂಗೈಯಿಂದ ಕಣ್ಣು ಒರೆಸಿಕೊಂಡರು.

"ನಿನ್ನ ಹಾಳ್ಯಾಗ ಬರದಿದ್ರಲ್ಲ, ತಾನ ಕಡಿಮಿ ಆಕೈತಿ ಅಂತ. ನಿಂದು ದಿನಾ ಕಡಿಮಿ ಆಗೋದು ನೋಡ್ತಿದ್ನಿ. ನಂದೂ ಹಂಗ ಆಕೈತಿ ಅಂತ ತಿಳಕೊಂಡಿದ್ನಿ, ತಂಗಿ."

ಅಷ್ಟು ದಿನ ಅವರು ಆ ಸಾಲನ್ನು ಓದಿಸಿದ್ದು ತಮಗಾಗಿಯೂ ಎಂದು ನನಗೆ ತಿಳಿದದ್ದು ಆ ಬಚ್ಚಲಿನ ಬಾಗಿಲಲ್ಲಿ ನಿಂತಾಗ. ನನ್ನ ಕುತ್ತಿಗೆ ಕೊಯ್ದವರು ನನಗೆ ಬರೆದುಕೊಟ್ಟ ಮಾತನ್ನು ಅವರು ನಂಬಿಕೊಂಡು ಕುಳಿತಿದ್ದರು. ನಾನೇ ಓದಿ ಓದಿ ನಂಬಿಸಿದ್ದೆ.

ಮರುದಿನವೇ ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ರಾಣೆಬೆನ್ನೂರಿನಿಂದ ಮಗಳೂ ಬಂದಳು. ಗಂಟಲೊಳಗೆ ನಳಿಕೆ ಇಳಿಸಿ ನೋಡಿ, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅನ್ನನಾಳದಲ್ಲಿ ಕ್ಯಾನ್ಸರ್, ಆಗಲೇ ಬೇರೆ ಕಡೆಗೂ ಹಬ್ಬಿದೆ ಎಂದು ಡಾಕ್ಟರರು ನಮ್ಮವರನ್ನು ಹೊರಗೆ ಕರೆದು ಹೇಳಿದರು. ಆರು ತಿಂಗಳು ಮೊದಲು ಬಂದಿದ್ದರೆ ಎಂದೂ ಹೇಳಿದರಂತೆ. ಆ ಮಾತನ್ನು ನಮ್ಮವರು ನನಗೆ ಒಂದು ವರ್ಷದ ಮೇಲೆ ಹೇಳಿದರು. ಹೇಳದಿದ್ದರೂ ನಾನು ಲೆಕ್ಕ ಹಾಕಿಕೊಂಡಿದ್ದೆ... ಆರು ತಿಂಗಳ ಹಿಂದೆ ಅವರು ನನಗಾಗಿ ಕದರಮಂಡಲಗಿಗೆ ಹೋಗಿದ್ದರು.

ಮಗಳು ತನ್ನ ಮನೆಗೆ ಕರೆದೊಯ್ದಳು. ಈ ಸಲ ಕಾಕು ಒಲ್ಲೆ ಎನ್ನಲಿಲ್ಲ. ರವಿವಾರಕ್ಕೊಮ್ಮೆ ನಾನು ರಾಣೆಬೆನ್ನೂರಿಗೆ ಹೋಗಿಬರುತ್ತಿದ್ದೆ. ಗಂಜಿಯೂ ಇಳಿಯದಾದಾಗ ಹೊಟ್ಟೆಗೆ ನಳಿಕೆ ಹಾಕಿದರು. ಮಗಳು ಅದರಲ್ಲಿ ಹಾಲು, ಬೇಳೆಯ ತಿಳಿ ಬಿಡುತ್ತಿದ್ದಳು. ತಾಯಿಯ ಮುಂದೆ ಉಣ್ಣಲು ಸಂಕಟವಾಗಿ ಆ ಮನೆಯವರೆಲ್ಲ ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು ಉಣ್ಣುತ್ತಿದ್ದರು.

ಕೊನೆಯ ಸಲ ಹೋದಾಗ ನಾನೂ ಹಾಗೆಯೇ ಒಳಗೆ ಹೋಗಿ ಕುಳಿತಿದ್ದೆ. ಮಗಳು ಬಂದು, ಅವ್ವ ಕರೆಯುತ್ತಿದ್ದಾಳೆ, ತಾಟು ತೆಗೆದುಕೊಂಡೇ ಬರಬೇಕಂತೆ ಎಂದಳು. ಹೋದೆ. ಕಾಕು ಗೋಡೆಗೆ ಒರಗಿದ್ದರು. ಕೈಸನ್ನೆಯಿಂದ ಎದುರಿಗೆ ಕುಳ್ಳಿರಿಸಿಕೊಂಡರು.

"ಉಣ್ಣು. ನಾ ನೋಡ್ತೇನಿ."

ಆಗೋದಿಲ್ರಿ ಎಂದೆ. ಅವರು ತಾಟನ್ನು ನನ್ನ ಕಡೆಗೆ ಸರಿಸಿದರು. ರೊಟ್ಟಿ ಮುರಿದೆ. ಒಂದೊಂದು ತುತ್ತಿಗೂ ಅವರ ಕಣ್ಣು ನನ್ನ ಗಂಟಲಿನ ಗಾಯದ ಗುರುತಿನ ಮೇಲಿತ್ತು. ಅಳು ಉಕ್ಕಿ ಬಂದರೆ ತುತ್ತು ಸಿಕ್ಕಿಕೊಳ್ಳುತ್ತದೆ, ಸಿಕ್ಕಿಕೊಂಡರೆ ಅವರಿಗೆ ಕಾಣುತ್ತದೆ. ಅದಕ್ಕೆ ಅಳಲೂ ಇಲ್ಲ. ಎರಡು ರೊಟ್ಟಿ, ಒಂದಿಷ್ಟು ಅನ್ನ, ತಾಟು ಖಾಲಿಯಾಗುವವರೆಗೆ ಉಂಡೆ. ಎಂದೂ ಅಷ್ಟು ಕಷ್ಟಪಟ್ಟು ಉಂಡಿಲ್ಲ, ಆಪರೇಶನ್ ಆದ ಮರುದಿನವೂ ಇಲ್ಲ.

"ಛಲೋ ಇಳೀತೈತಿ," ಎಂದರು ಕಾಕು. ಅವರ ಮುಖದಲ್ಲಿ ಹೊಟ್ಟೆಕಿಚ್ಚು ಒಂದಿಷ್ಟಾದರೂ ಇದ್ದಿದ್ದರೆ ನನಗೆ ಬದುಕುವುದು ಸುಲಭವಾಗುತ್ತಿತ್ತೇನೋ. ಇರಲಿಲ್ಲ.

ಸಂಕ್ರಾಂತಿಗೆ ಮೊದಲೇ ತೀರಿಕೊಂಡರು. ಮೆಣಸಿನಕಾಯಿ ಸುಗ್ಗಿ ಏರುತ್ತಿತ್ತು, ನಮ್ಮ ಓಣಿಯ ಹೆಂಗಸರೆಲ್ಲ ಕೆಲಸ ಬಿಟ್ಟು ರಾಣೆಬೆನ್ನೂರಿಗೆ ಬಂದಿದ್ದರು. ಅದೇ ತಿಂಗಳು ಹುಬ್ಬಳ್ಳಿಯಲ್ಲಿ ನನ್ನ ಎಕ್ಸ್‌ರೇ ನೋಡಿದ ಡಾಕ್ಟರರು, ಎಲುಬು ಛಲೋ ಬೆಸೆದಿದೆ, ಯಾರು ನೋಡಿಕೊಂಡರೋ ಬಹಳ ಶಿಸ್ತಿನಿಂದ ನೋಡಿಕೊಂಡಿದ್ದಾರೆ ಎಂದರು. ನಾನು ಫಿಲ್ಮಿನ ಮೇಲೆ ಬೆಳ್ಳಗೆ ಕಾಣುತ್ತಿದ್ದ ಸ್ಕ್ರೂಗಳನ್ನು ನೋಡುತ್ತ ಕುಳಿತೆ, ಅವು ಆರೋ ನಾಲ್ಕೋ ಎಂದು ಕೂಡ ಕಣ್ಣಿಗೆ ಹತ್ತಲಿಲ್ಲ.

ನಿನ್ನೆ ಮಧ್ಯಾಹ್ನ ಕೋರ್ಟಿನಲ್ಲಿ ಹೊಸದಾಗಿ ಬಂದ ಗುಮಾಸ್ತ ನನ್ನ ಮೇಜಿನ ಹತ್ತಿರ ಬಂದು ನಿಂತ. ಅವನ ಹೆಂಡತಿಗೆ ಇದೇ ಆಪರೇಶನ್ ಆಗುವುದಿದೆ, ಆಮೇಲೆ ಏನೇನಾಗುತ್ತದೆ ಎಂದು ಕೇಳಿದ. ದನಿ ಕುಂದುವುದು, ಬೆನ್ನಿನ ನೋವು, ಮಲಗುವ ರೀತಿ, ಏಳುವ ರೀತಿ, ದಿನಾ ನಡೆಯಬೇಕಾದದ್ದು, ಬೆರಳು ಸುಧಾರಿಸಲು ತಿಂಗಳು ಹಿಡಿಯುವುದು, ಎಲ್ಲ ಹೇಳಿದೆ. ಅವನು ಒಂದು ಚೀಟಿಯಲ್ಲಿ ಬರೆದುಕೊಂಡ. ನುಂಗುವ ತೊಂದರೆಯ ಮಾತು ಬಂದಾಗ, ಕಡಿಮೆಯಾಗದಿದ್ದರೆ ಡಾಕ್ಟರರನ್ನು ಕಾಣಬೇಕು ಎಂಬುದನ್ನು ಎರಡು ಸಲ ಹೇಳಿದೆ. ಅವಳ ಜೋಡಿ ಕುಳಿತು ಉಣ್ಣುವವರನ್ನೂ ಒಮ್ಮೆ ಕೇಳು ಎಂದೆ. ಅವನಿಗೆ ಅರ್ಥವಾಗಲಿಲ್ಲ, ಆದರೂ ಬರೆದುಕೊಂಡ.

ನಿಮ್ಮನ್ನು ಯಾರು ನೋಡಿಕೊಂಡರು ಎಂದು ಕೇಳಿದ. ಬಾಜೂಮನೆಯ ಕಾಕು ಎಂದೆ.

"ಊರಾಗ ಅದಾರೇನ್ರಿ ಅವರು? ನಮ್ಮ ಮನಿಯಾಕಿಗೆ ಭಾಳ ಅಂಜಿಕಿ ಐತ್ರಿ. ಒಮ್ಮಿ ಅವರ ಕೂಡ ಮಾತಾಡಿಸ್ತಿದ್ನಿ."

ಇಲ್ರಿ, ಎಂದೆ.

ಎಲ್ಲೋ ಊರಿಗೆ ಹೋಗಿರಬೇಕು ಎಂದು ಅವನು ತಿಳಿದುಕೊಂಡ. ಬಂದ ಮೇಲೆ ಹೇಳಿರಿ ಎಂದು ಚೀಟಿ ಮಡಚಿ ಜೇಬಿನಲ್ಲಿಟ್ಟುಕೊಂಡ. ಹೂಂ ಎಂದುಬಿಟ್ಟೆ.