ದೊರೆಗೆ ಜಾಗವಿಲ್ಲದ ಕಾರು

ಏಳು ಗಂಟೆಗೆ ಹೊರಡಬೇಕಿದ್ದ ಸವಾರಿ ಹತ್ತಾದರೂ ಹೊಸಿಲು ದಾಟಿರಲಿಲ್ಲ. ಸೀಲಮ್ಮ ನಡುಮನೆಯಲ್ಲಿ ಕುಕ್ಕರಗಾಲಲ್ಲಿ ಕೂತು ನಾಯಿಯ ಚೀಲವನ್ನು ಮೂರನೇ ಸಲ ಬಿಚ್ಚಿ ಎಣಿಸುತ್ತಿದ್ದಳು. ಆ ನಾಯಿ, ದೊರೆ, ಬಾಗಿಲಿಗೆ ಅಡ್ಡ ಮಲಗಿ ಒಂದೇ ಕಣ್ಣು ತೆರೆದು ನೋಡುತ್ತಿತ್ತು.

ಸೀಲಮ್ಮ ಎಂಬ ಹೆಸರು ಅವಳಿಗೆ ಕೆಲಸದಿಂದ ಅಂಟಿದ್ದು. ಆಂಬುಲೆನ್ಸ್ ಶೆಡ್ಡಿನ ಸ್ಟೋರಿನಲ್ಲಿ ಹದಿನೆಂಟು ವರ್ಷದಿಂದ, ಬೆಳಗಾದರೆ ಗಾಡಿಗಳ ಔಷಧದ ಚೀಲ ಬಿಚ್ಚಿ, ಬ್ಯಾಂಡೇಜು, ಕತ್ತರಿ, ಕೈಗವಸುಗಳನ್ನು ಪಟ್ಟಿಗೆ ತಾಳೆ ನೋಡಿ, ಜಿಪ್ಪಿಗೆ ಕೆಂಪು ಪ್ಲಾಸ್ಟಿಕ್ ಸೀಲು ಹಾಕುತ್ತಾಳೆ. ಸೀಲು ಒಡೆಯಿತೋ, ಒಂದು ಚೂರು ಹತ್ತಿ ಹೊರಗೆ ಬಂದಿದ್ದರೂ ಮೊದಲಿನಿಂದ ಎಣಿಸಬೇಕು. ಇದರಲ್ಲಿ ಅವಳು ಯಾರ ಮುಲಾಜಿಗೂ ಬೀಳುವವಳಲ್ಲ. ಮೀಸೆ ತಿರುವುವ ಡ್ರೈವರುಗಳೂ ಅವಳೆದುರು ಬಾಲ ಮುದುರಿಕೊಂಡು ನಿಲ್ಲುತ್ತಾರೆ. ಆ ಸೀಲುಗಳ ಒಂದು ಹಿಡಿ ಮನೆಗೆ ಹೇಗೆ ಬಂತು ಎಂದು ಮಾತ್ರ ಯಾರೂ ಕೇಳಬಾರದು.

ಇವತ್ತು ನಾಯಿಯ ಚೀಲದ ಸೀಲು ಮೊದಲು ಒಡೆದವನು ಗಂಡ. ಎಲೆಕ್ಟ್ರಿಷಿಯನ್ ಕೈ, ಸುಮ್ಮನಿರುವುದಿಲ್ಲ. ಬಿಸ್ಕತ್ತಿನ ಪೊಟ್ಟಣ ತುರುಕಲು ಹೋಗಿ ಬೈಸಿಕೊಂಡ. ಆಮೇಲೆ ಒಡೆದವಳು ಅವಳೇ. ಉಣ್ಣಿ ಕೀಳುವ ಚಿಮಟ ಒಂದೇ ಹಾಕಿದೆನೇನೋ ಎಂದು ಅನುಮಾನ ಬಂದಿತ್ತು.

"ಒಂದು ಚಿಮಟ ಸಾಲಲ್ವೇನೇ?"

"ಅದು ಕಳೆದುಹೋದ್ರೆ?"

"ಹುಡುಕಿದ್ರಾಯ್ತು."

"ನೀವು ಹುಡುಕ್ತಾ ಕೂತಿರುವಾಗ ಇವನಿಗೆ ಏನಾದ್ರೂ ಆದ್ರೆ?"

ಏನಾದ್ರೂ ಎಂದರೆ ಏನೆಂದು ಇಬ್ಬರಿಗೂ ಗೊತ್ತಿತ್ತು.

ದೊರೆಗೆ ಹದಿಮೂರು ವರ್ಷ. ಹೋದ ವಾರ ನಾಯಿ ಡಾಕ್ಟರು ಎದೆಗೆ ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಆಲಿಸಿದ್ದರು. ಆಮೇಲೆ, "ಹೃದಯ ಸೋತಿದೆಯಮ್ಮಾ. ಎಲ್ಲಿಗಾದ್ರೂ ಕರ್ಕೊಂಡು ಹೋಗೋದಿದ್ರೆ ಈಗ್ಲೇ ಹೋಗಿಬನ್ನಿ. ಮುಂದಿನ ವರ್ಷ ಅಂತ ಇಟ್ಕೋಬೇಡಿ," ಎಂದಿದ್ದರು. ವರ್ಷಕ್ಕೊಮ್ಮೆ ಕೆರೆ ದಂಡೆಯಲ್ಲಿ ಟೆಂಟು ಹಾಕುವುದೆಂದರೆ ದೊರೆಗೆ ಪ್ರಾಣ. ನೀರಿಗೆ ಬಿದ್ದು, ಕೆಸರಲ್ಲಿ ಹೊರಳಿ, ಅದೇ ಮೈಯಲ್ಲಿ ಟೆಂಟಿನೊಳಗೆ ನುಗ್ಗಿ, ಎಲ್ಲರಿಗೂ ಸ್ನಾನ ಮಾಡಿಸುವವನು ಅವನು. ಆದರೆ ಅಲ್ಲಿ ಫೋನು ಸಿಗುವುದಿಲ್ಲ. ಹತ್ತಿರದ ನಾಯಿ ಡಾಕ್ಟರು ಒಂದೂವರೆ ಗಂಟೆಯ ದಾರಿ. ತನ್ನ ಕಣ್ಣೆದುರೇ, ಏನೂ ಮಾಡಲಾಗದ ಜಾಗದಲ್ಲಿ, ಅವನು ಉಸಿರು ಬಿಟ್ಟರೆ? ಈ ಭಯ ಒಂದು ವಾರದಿಂದ ಅವಳನ್ನು ಬಿಟ್ಟಿರಲಿಲ್ಲ. ಕೈಗೆ ಎಣಿಸುವ ಕೆಲಸ ಕೊಟ್ಟರೆ ಸ್ವಲ್ಪ ತಗ್ಗುತ್ತಿತ್ತು, ಕೆಲಸ ಬಿಟ್ಟೊಡನೆ ಮತ್ತೆ ಏರುತ್ತಿತ್ತು.

ಹಾಗಾಗಿ ಎಲ್ಲವೂ ಎರಡೆರಡು. ಕೊರಳಪಟ್ಟಿ ಎರಡು, ಹಗ್ಗ ಎರಡು, ಹಗ್ಗ ಕಟ್ಟುವ ಗೂಟ ಎರಡು, ಮಡಚುವ ನೀರಿನ ಬಟ್ಟಲು ಎರಡು. ಮಾತ್ರೆಯ ಡಬ್ಬಿ ಒಂದು ತುಂಬಿದ್ದು, ಇನ್ನೊಂದು ಅದರ ತದ್ರೂಪು. ಕಲ್ಲು ಚುಚ್ಚದಂತೆ ಪಾದಕ್ಕೆ ಹಾಕುವ ಚೀಲ ಎಂಟು. ಹಾಸಿಗೆ, ಮೇಲೊಂದು ಹಾಸಿಗೆ, ಟವೆಲ್ಲುಗಳ ರಾಶಿ, ಎರಡು ಕ್ಯಾನು ನೀರು. ದೊರೆ ಬಿದ್ದರೆ ಎತ್ತಿಕೊಂಡು ಬರಲು ನಾಲ್ಕು ಹಿಡಿಕೆಗಳ ದಪ್ಪ ಬಟ್ಟೆಯೂ ಇತ್ತು. ಅದನ್ನು ಮಡಚುವಾಗ ಮಾತ್ರ ಅವಳು ಗಂಡನ ಕಡೆ ಬೆನ್ನು ಮಾಡಿದ್ದಳು.

ಸೀಲು ಹಾಕಿ, ಎಲ್ಲವನ್ನೂ ಕಾರಿಗೆ ಏರಿಸುವಷ್ಟರಲ್ಲಿ ಹನ್ನೊಂದಾಯಿತು. ಚೀಲ ಎತ್ತುವಾಗ ಅವಳ ಸೊಂಟ ಹಿಡಿದುಕೊಂಡಿತು.

"ದೊರೆಗಳು ದಯಮಾಡಿಸಬೇಕು," ಎಂದು ಗಂಡ ಹಿಂದಿನ ಬಾಗಿಲು ತೆಗೆದ.

ದೊರೆ ಬಂದ, ನಿಂತ, ಒಳಗೆ ನೋಡಿದ. ಅವನು ಕೂರುವ ಸೀಟಿನ ಮೇಲೆ ಅವನದೇ ಸಾಮಾನು ಛಾವಣಿ ಮುಟ್ಟಿತ್ತು. ಪಟ್ಟಿಯಲ್ಲಿ ನಲವತ್ತೊಂದು ಬಾಬತ್ತು ಬರೆದವಳು ನಾಯಿಯನ್ನೇ ಬರೆದಿರಲಿಲ್ಲ.

ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ. "ಇವನಿಗೆ ಬಸ್ಸಲ್ಲಿ ಬರೋಕೆ ಹೇಳೋಣ್ವಾ?" ಎಂದವನು ಅವಳ ಮುಖ ನೋಡಿ ನಿಲ್ಲಿಸಿದ.

ಸೀಲಮ್ಮ ಒಂದು ಹಾಸಿಗೆ ಎಳೆದು ಹೊರಗಿಟ್ಟಳು. ಒಂದು ಕ್ಯಾನು ಇಳಿಸಿದಳು. ಚೀಲದ ಸೀಲನ್ನು ತಾನೇ ಕಿತ್ತು, ಮಾತ್ರೆಯ ಡಬ್ಬಿ ಒಂದನ್ನು ಜೇಬಿಗೆ ಹಾಕಿಕೊಂಡು, ಚೀಲವನ್ನು ಗಂಡನ ಕೈಗೆ ತಳ್ಳಿದಳು. ಸೀಟು ಕಂಡಿತು.

"ಹತ್ತೋ," ಎಂದಳು.

ಹೋದ ವರ್ಷ ಬಾಗಿಲು ಪೂರ್ತಿ ತೆರೆಯುವ ಮೊದಲೇ ಜಿಗಿಯುತ್ತಿದ್ದವನು. ಈಗ ಮುಂಗಾಲು ಸೀಟಿನ ಅಂಚಿಗೆ ಇಟ್ಟ. ಹಿಂಗಾಲು ಮೇಲೇಳಲಿಲ್ಲ. ಮತ್ತೊಮ್ಮೆ ನೋಡಿ, ಬೀದಿಯಲ್ಲಿ ಏನೋ ಕೆಲಸವಿದ್ದವನಂತೆ ಮುಖ ಆ ಕಡೆ ತಿರುಗಿಸಿದ.

ಅವಳು ಬಗ್ಗಿ, ಹೊಟ್ಟೆಯ ಕೆಳಗೆ ಕೈ ಕೊಟ್ಟು, ಭಾರಕ್ಕೆ ಸಿದ್ಧಳಾಗಿ ಉಸಿರು ಬಿಗಿಹಿಡಿದು ಎತ್ತಿದಳು. ಭಾರವೇ ಇರಲಿಲ್ಲ. ಚೀಲದ ಅರ್ಧದಷ್ಟೂ ಇರಲಿಲ್ಲ. ಒಂದು ವಾರದಿಂದ ಅವನ ಮಾತ್ರೆ, ನೀರು, ಊಟ ಎಲ್ಲ ಅಳೆದಿದ್ದಳು. ಅವನನ್ನೇ ಒಮ್ಮೆಯೂ ಎತ್ತಿರಲಿಲ್ಲ. ಅವಳ ಮೊಣಕೈಗೆ ತಾಗಿ ಅವನ ಹೃದಯ ಬಡಿಯಿತು, ತಡೆದು ನಿಂತಿತು, ಮತ್ತೆ ಬಡಿಯಿತು.

ಅವನನ್ನು ಸೀಟಿನ ಮೇಲೆ ಇಳಿಸಿ, ಪಕ್ಕದಲ್ಲೇ ತಾನೂ ಕೂತು ಬಾಗಿಲು ಎಳೆದುಕೊಂಡಳು.

ಗಂಡ ಚೀಲ ಹಿಡಿದು ನಿಂತೇ ಇದ್ದ. "ತಡಿಯೇ, ಇದರಲ್ಲಿ ಏನೇನು ಬೇಕೋ ಇನ್ನೊಂದ್ಸಲ ನೋಡಿಬಿಡು..."

"ಮನೆಯೊಳಗೆ ಬಿಸಾಕಿ ಬನ್ರೀ! ಹನ್ನೊಂದಾಯ್ತು," ಎಂದಳು ಸೀಲಮ್ಮ. "ಬೇಗ ನಡೀರಿ. ಬಿಸಿಲಿರೋವಾಗ್ಲೇ ಇವನು ನೀರಲ್ಲಿರ್ಬೇಕು."