ಕಾಕಾನ ನಂಬರು

ಪಾಸ್‌ವರ್ಡ್ ಒಂದೇ ಸಾಲದು, ಮೊಬೈಲಿಗೆ ಬರುವ ಕೋಡ್ ಕೂಡ ಕೇಳುವಂತಿರಬೇಕು ಎಂದು ಶಾಲೆಯ ಮಕ್ಕಳಿಗೆ ಹೇಳುವಾಗ ನನ್ನ ದನಿ ಗಡುಸಾಗುತ್ತದೆ. ಆಗಲಿ. ಆ ಕೋಡ್ ಯಾರ ಮೊಬೈಲಿಗೆ ಬರುತ್ತದೆ ಎಂದು ಯೋಚಿಸದೆ ನಾನು ಕಳೆದುಕೊಂಡದ್ದು ಸಣ್ಣದಲ್ಲ.

ಪಿಯುಸಿ ಮುಗಿದಾಗ ನನಗೆ ಧಾರವಾಡದಲ್ಲಿ ಕೃಷಿ ಪದವಿ ಓದುವ ಆಸೆ. ಅಂಕಗಳೂ ಬಂದಿದ್ದವು. ಬೇಕಾದ ಕಾಲೇಜುಗಳ ಪಟ್ಟಿ ತುಂಬಲು ದುಂಡಸಿಯಿಂದ ಬಸ್ಸು ಹತ್ತಿ ಶಿಗ್ಗಾವಿಯ ಆನ್‌ಲೈನ್ ಅಂಗಡಿಗೆ ಹೋದೆ. ಅಪ್ಪ ತೀರಿಕೊಂಡಿದ್ದರಿಂದ ಅವನ ತಮ್ಮ, ನನ್ನ ಕಾಕಾ, ಜೊತೆಗೆ ಬಂದಿದ್ದ.

"ಮೊಬೈಲ್ ನಂಬರ್ ಯಾರ್ದು ಹಾಕ್ಲಿ?" ಎಂದ ಅಂಗಡಿಯವನು.

ನನ್ನ ಮೊಬೈಲ್ ನನ್ನ ಕೈಯಲ್ಲೇ ಇತ್ತು. ಆದರೆ ನಮ್ಮಲ್ಲಿ ಯಾವ ಕಾಗದಕ್ಕೂ ಮನೆಯ ಹಿರಿಯ ಗಂಡಸಿನ ನಂಬರೇ.

"ಕಾಕಾಂದ ಹಾಕ್ರಿ," ಅಂದೆ. ಪಾಸ್‌ವರ್ಡಿನ ಚೀಟಿಯೂ ಅವನ ಜೇಬು ಸೇರಿತು.

ಸೀಟು ಹಂಚಿಕೆಯ ದಿನ ಅದೇ ಅಂಗಡಿಗೆ ಹೋಗಿ ನೋಡಿದರೆ ನನಗೆ ಎಲ್ಲಿಯೂ ಸೀಟಿಲ್ಲ. ಪಟ್ಟಿಯೇ ಖಾಲಿ.

"ನಿಮ್ಮ ಕಾಕಾ ಬಂದು ತಗಸ್ಯಾರಲ್ರಿ," ಎಂದ ಅಂಗಡಿಯವನು. "ಕೋಡ್ ಅವರ ಫೋನಿಗೇ ಬಂತು."

ಮನೆಗೆ ಬಂದರೆ ಆ ಮನುಷ್ಯ ಆರಾಮಾಗಿ ರೊಟ್ಟಿ ತಿನ್ನುತ್ತಿದ್ದ. "ನಿನ್ನ ಒಳ್ಳೇದಕ್ಕ ಮಾಡೇನಿ. ಸವಣೂರಾಗ ಬಿ.ಎ. ಮಾಡು, ಸಂಜೀಕ ಮನೀಗೆ ಬರ್ತಿ."

"ನನ್ನ ಒಂದ್ ಮಾತು ಕೇಳಬಾರದಿತ್ತೇನ್ರಿ?"

"ನಿನ್ನ ಏನ್ ಕೇಳೂದು?" ಅಂದು ಪಲ್ಯ ಹಾಕಿಸಿಕೊಂಡ.

ಅಪರಿಚಿತರಿಗೆ ಕೋಡ್ ಹೇಳಬೇಡಿ ಎಂದು ಎಲ್ಲರೂ ಬಡಿದುಕೊಳ್ಳುತ್ತಾರೆ. ನನ್ನ ಖಾತೆಗೆ ಕನ್ನ ಹಾಕಿದವನು ನಮ್ಮ ಪಡಸಾಲೆಯಲ್ಲೇ ಕೂತು ಉಣ್ಣುವವನು. ಎರಡನೆಯ ಕೀಲಿಯನ್ನು ಮರ್ಯಾದೆಯ ಹೆಸರಲ್ಲಿ ನಾನೇ ಅವನ ಕೈಗಿಟ್ಟಿದ್ದೆ. ಅದಕ್ಕೆ ನನ್ನ ಮೇಲೂ ಸಿಟ್ಟಿದೆ, ಅವನ ಮೇಲಂತೂ ಇವತ್ತಿಗೂ ಆರಿಲ್ಲ. ಆರುವುದೂ ಬೇಡ.

ಬಿ.ಎ. ಮಾಡಿದೆ, ಬಿ.ಎಡ್. ಮಾಡಿದೆ, ಈಗ ಹಾನಗಲ್ಲಿನಲ್ಲಿ ಟೀಚರು. ಈ ವರ್ಷ ಅದೇ ಪಟ್ಟಿ ತುಂಬಲು ಕಾಕಾನ ಮಗಳು ನನ್ನ ಹತ್ತಿರ ಬಂದಳು. ಅವಳ ನಂಬರನ್ನೇ ಹಾಕಿಸಿದೆ. ಅವಳು ಪಾಸ್‌ವರ್ಡ್ ಒತ್ತುವಾಗ ಮುಖ ಆಚೆ ತಿರುಗಿಸಿ ಕೂತೆ.

ಎರಡು ದಿನಕ್ಕೆ ಕಾಕಾನ ಫೋನು. "ಆಕಿ ಕೋಡ್ ಹೇಳವಲ್ಲಳು. ನೀನರ ಆಕೀಗೆ ತಿಳಿಸಿ ಹೇಳು."

"ಯಾಕ ಬೇಕ್ರಿ ನಿಮಗ?"

ಎಂದೂ ಮಾತಿಗೆ ಕಡಿಮೆಯಿಲ್ಲದವನು ತಡವರಿಸಿದ. "ಸುಮ್ನ, ನೋಡಾಕ."

"ನೋಡೂದು ಬ್ಯಾಡ್ರಿ," ಎಂದು ಫೋನ್ ಇಟ್ಟೆ.

ಹುಡುಗಿಗೆ ಧಾರವಾಡದಲ್ಲೇ ಸೀಟು ಸಿಕ್ಕಿತು. ಕಾಕಾ ತಾನೇ ಓದಿಗೆ ಹಚ್ಚಿದವನ ಹಾಗೆ ಓಣಿಗೆಲ್ಲ ಪೇಡೆ ಹಂಚಿದ. ನಾನು ಊರಿಗೆ ಹೋದಾಗ ನನ್ನ ಮುಂದೆಯೂ ಒಂದು ಹಿಡಿದ. ತಗೊಳ್ಳಲಿಲ್ಲ. ಅವನು ಕೈ ಚಾಚಿಕೊಂಡೇ ನಿಂತಿದ್ದ, ನಾನು ಒಳಗೆ ಹೋಗಿ ಅವಳು ಧಾರವಾಡಕ್ಕೆ ಒಯ್ಯುವ ಬಟ್ಟೆ ಮಡಚಿ ಕೊಟ್ಟೆ.